ಆಸ್ಪತ್ರೆಯೇ ಹಾಸ್ಟೆಲಾದಾಗ

ಕಾಲೇಜು ಸೇರುವುದೆಂದರೆ ಶುಲ್ಕ ಕಟ್ಟಿ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸುವುದಷ್ಟೇ ಅಲ್ಲವೆಂದು ನೀವು ಬಲ್ಲಿರಿ. ಸಂಜೆಯ ಹರಟೆಗೆ ಯಾರೂ ಕರೆಯದಿದ್ದರೆ ನಿಮಗೆ ಹೇಗನ್ನಿಸೀತು? ಅಂಗವಿಕಲ ವಿದ್ಯಾರ್ಥಿಗಳು ಇಂಥ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕಲಿ ವಿಶ್ವವಿದ್ಯಾಲಯದಲ್ಲಿ.

ಎಡ್ ರಾಬರ್ಟ್ಸ್ ಅವರಿಗೆ 14ನೆಯ ವಯಸ್ಸಿನಲ್ಲಿ ಪೋಲಿಯೋ ತಗುಲಿತು. ಕುತ್ತಿಗೆಯಿಂದ ಕೆಳಗೆ ಚಲನೆ ಇಲ್ಲವೆನ್ನುವಷ್ಟು ಕಡಿಮೆ. ರಾತ್ರಿ ಉಸಿರಾಡಲು ‘ಕಬ್ಬಿಣದ ಶ್ವಾಸಕೋಶ’ ಎಂಬ ದೊಡ್ಡ ಪೀಪಾಯಿಯಂಥ ಯಂತ್ರದೊಳಗೆ ಮಲಗಬೇಕು. ಟೆಲಿಫೋನಿನಲ್ಲಿ ಪಾಠ ಕೇಳಿ ಹೈಸ್ಕೂಲು ಓದಿದರು. ವ್ಯಾಯಾಮ ಮತ್ತು ಕಾರು ಚಾಲನೆಯ ತರಗತಿಗಳು ಆಗಿಲ್ಲವೆಂದು ಶಾಲೆ ಪ್ರಮಾಣಪತ್ರ ಕೊಡಲೊಪ್ಪಲಿಲ್ಲ! ನಗಬೇಕೋ ಅಳಬೇಕೋ ನೀವೇ ಹೇಳಿ. ತಾಯಿ ಜೋನಾ ಹಟ ಹಿಡಿದು ಅದನ್ನು ಕೊಡಿಸಿದರು. ಸರ್ಕಾರದ ಪುನರ್ವಸತಿ ಇಲಾಖೆಯಾದರೋ, ಈತ ಎಂದೂ ದುಡಿಯಲಾರರೆಂದು ಮೊದಲು ನೆರವನ್ನೇ ನಿರಾಕರಿಸಿತು.

1962ರಲ್ಲಿ ಅವರು ಬರ್ಕಲಿಗೆ ಬಂದಾಗ ಆ ಯಂತ್ರವನ್ನು ಇರಿಸಿಕೊಳ್ಳಬಲ್ಲ ಹಾಸ್ಟೆಲು ಸಿಗಲಿಲ್ಲ. ಆವರಣದಲ್ಲಿದ್ದ ಕೋವೆಲ್ ಆಸ್ಪತ್ರೆಯಲ್ಲಿ ಕೋಣೆ ಕೊಟ್ಟರು. ರಾಬರ್ಟ್ಸ್ ಒಂದು ಷರತ್ತು ಹಾಕಿದರು: ಅದನ್ನು ರೋಗಿಯ ಕೋಣೆಯೆಂದಲ್ಲ, ವಿದ್ಯಾರ್ಥಿಯ ಕೋಣೆಯೆಂದು ಕಾಣಬೇಕು. ಇಡೀ ಚರಿತ್ರೆಯ ತಿರುಳು ಇಲ್ಲಿದೆ ಎಂಬುದು ನನ್ನ ಎಣಿಕೆ. ಮರುವರ್ಷ ಜಾನ್ ಹೆಸ್ಲರ್ ಬಂದರು, ಆಮೇಲೆ ಇನ್ನೂ ಹಲವರು. ಗಾಲಿಕುರ್ಚಿಯ ಈ ಗೆಳೆಯರು ‘ರೋಲಿಂಗ್ ಕ್ವಾಡ್ಸ್’ ಎಂದು ತಮಗೆ ತಾವೇ ತಮಾಷೆಯ ಹೆಸರಿಟ್ಟುಕೊಂಡರು. ಒಬ್ಬೊಬ್ಬರೇ ಇದ್ದಾಗ ತಮ್ಮ ಕಾಲಿನ ದೋಷವೆಂದುಕೊಂಡದ್ದು, ಹತ್ತು ಜನ ಕೂಡಿ ಮಾತಾಡಿದಾಗ ಕಟ್ಟಡದ ಮೆಟ್ಟಿಲಿನ ದೋಷವಾಗಿ ಕಂಡಿತು. ಇಬ್ಬರನ್ನು ಅಲ್ಲಿಂದ ಹೊರಹಾಕಲು ಇಲಾಖೆ ಹೊರಟಾಗ ಎಲ್ಲರೂ ಒಟ್ಟಾಗಿ ಪ್ರತಿಭಟಿಸಿ ತಡೆದರು.

1970ರಲ್ಲಿ ಅಂಗವಿಕಲ ವಿದ್ಯಾರ್ಥಿಗಳದೇ ಒಂದು ಸೇವಾ ಕಚೇರಿ ತೆರೆಯಿತು. ಗಾಲಿಕುರ್ಚಿಯ ರಿಪೇರಿ, ಸಹಾಯಕರನ್ನು ಗೊತ್ತುಮಾಡುವುದು, ಮೆಟ್ಟಿಲಿಲ್ಲದ ಮನೆ ಹುಡುಕಿಕೊಡುವುದು ಇದರ ಕೆಲಸ. ಸಿನಿಮಾಕ್ಕೋ ಗೆಳೆಯರ ಮನೆಗೋ ಹೋಗಲು ಬೇಕಾದದ್ದೂ ಇವೇ ತಾನೆ? 1972ರಲ್ಲಿ ಊರಿನವರಿಗೂ ಇಂಥದೇ ಸ್ವತಂತ್ರ ಜೀವನ ಕೇಂದ್ರ ಹುಟ್ಟಿತು. ರಸ್ತೆಯ ಮೂಲೆಗಳಲ್ಲಿ ಫುಟ್‌ಪಾತಿನ ಅಂಚು ಇಳಿಜಾರಾಯಿತು. ಮಗುವಿನ ತಳ್ಳುಗಾಡಿಯ ತಾಯಂದಿರಿಗೂ ಅನುಕೂಲವಾಯಿತು. 1975ರಲ್ಲಿ ರಾಬರ್ಟ್ಸ್ ಅದೇ ಪುನರ್ವಸತಿ ಇಲಾಖೆಯ ನಿರ್ದೇಶಕರಾದರು!

ಅವರು ತೀರಿಕೊಂಡದ್ದು 1995ರಲ್ಲಿ. ನಮ್ಮ ಸಂಸತ್ತು ಅಂಗವಿಕಲರ ಕಾಯಿದೆಯನ್ನು ಅಂಗೀಕರಿಸಿದ್ದೂ ಅದೇ ವರ್ಷ. ಸರ್ಕಾರಿ ಹಾಗೂ ಅನುದಾನಿತ ಶಿಕ್ಷಣ ಸಂಸ್ಥೆಗಳಲ್ಲಿ ಅದು ಶೇಕಡ 3 ಸ್ಥಾನ ಮೀಸಲಿಟ್ಟಿತು. 2016ರ ಕಾಯಿದೆ ಉನ್ನತ ಶಿಕ್ಷಣದಲ್ಲಿ ಅದನ್ನು ಶೇಕಡ 5ಕ್ಕೆ ಏರಿಸಿತು. ಸ್ಥಾನದ ಮಾತು ಮಾತ್ರವಲ್ಲ; ಆಟ ಮತ್ತು ಮನರಂಜನೆಯಲ್ಲೂ ಇತರರಿಗೆ ಸಮನಾದ ಅವಕಾಶ ಕೊಡಬೇಕೆಂದು ಅದರಲ್ಲಿ ಬರೆದಿದೆ.