ಹಳೆಯ ಜೀಪು ಹೇಳುವ ಇತಿಹಾಸ

ಮಲೆನಾಡಿನ ತೋಟಗಳಲ್ಲಿ ಓಡಾಡುವ ಜೀಪನ್ನು ನೀವು ನೋಡಿರುತ್ತೀರಿ. ಅದರ ಮೂಲ ಇರುವುದು ಯುದ್ಧದಲ್ಲಿ. 1940ರಲ್ಲಿ ಅಮೆರಿಕದ ಸೇನೆಗೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ಹಗುರ ವಾಹನ ಬೇಕಾಯಿತು. ಬ್ಯಾಂಟಂ ಎಂಬ ಸಣ್ಣ ಕಂಪನಿ 49 ದಿನಗಳ ಗಡುವಿನೊಳಗೆ ಮೊದಲ ಮಾದರಿಯನ್ನು ಒಪ್ಪಿಸಿತು. ಆದರೆ ತಯಾರಿಕೆಯ ಬಹುಪಾಲು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ ಹೋಯಿತು. 1945ರ ವೇಳೆಗೆ ಇವೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಭಾರತದಲ್ಲಿ 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪುಗಳ ಜೋಡಣೆಗೆ ತೊಡಗಿತು.

ಯುದ್ಧಕಾಲದ ಅಂಥ ಜೀಪೊಂದನ್ನು ದುರಸ್ತಿಗೆಂದು ಬಿಚ್ಚಿದಿರೆನ್ನಿ. ಬೋಲ್ಟಿನ ತಲೆಯ ಮೇಲೆ ‘ಎಫ್’ ಅಕ್ಷರ ಕಂಡರೆ ಆ ಬೋಲ್ಟು ಫೋರ್ಡ್ ತಯಾರಿಕೆಯದು. ಎರಡೂ ಕಂಪನಿಗಳ ಬಿಡಿಭಾಗಗಳು ಹೊಂದುತ್ತಿದ್ದುದರಿಂದ ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಬಹುದಿತ್ತು. ತುಕ್ಕು ಹಿಡಿಯಿತೆಂದು ಆ ಬೋಲ್ಟನ್ನು ಗುಜರಿಗೆ ಹಾಕಿದರೆ ಈ ಸಾಕ್ಷ್ಯವೂ ಹೋಗುತ್ತದೆ.

ಹಾಗಾದರೆ ಏನನ್ನೂ ಬದಲಿಸಬಾರದೆ? ಮೂಲ ಜೀಪಿನದು 6 ವೋಲ್ಟ್ ವ್ಯವಸ್ಥೆ. ಅದರಲ್ಲಿ 36 ವ್ಯಾಟ್ ದೀಪಕ್ಕೆ 6 ಆಂಪಿಯರ್ ವಿದ್ಯುತ್ ಹರಿಯಬೇಕು. 12 ವೋಲ್ಟಿನಲ್ಲಿ 3 ಆಂಪಿಯರ್ ಸಾಕು. ಹರಿವು ಅರ್ಧವಾದರೆ ಅದೇ ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ರಾತ್ರಿ ಓಡಿಸುವವರಿಗೆ ಇದು ಅನುಕೂಲ. ಆದರೆ ಬಲ್ಬು, ಡೈನಮೋಗಳೂ ಬದಲಾಗಬೇಕು. ಆದ್ದರಿಂದ ತೆಗೆದ ಭಾಗಗಳಿಗೆ ಚೀಟಿ ಕಟ್ಟಿ ಜೋಪಾನ ಮಾಡಿ. ಮಾಡಿದ ಬದಲಾವಣೆಯನ್ನು ದಿನಾಂಕದೊಡನೆ ಬರೆದಿಡಿ. ಶಾಸನದ ಅಕ್ಷರಗಳನ್ನೇ ಉಜ್ಜಿ ಅಳಿಸಿದ ಮೇಲೆ ಕಲ್ಲು ಹೊಳೆದು ಏನು ಫಲ?