ಕುಮಾರಿಯೋ, ಶ್ರೀಮತಿಯೋ?
ಜರ್ಮನರ ಮಾತಿನಲ್ಲೂ ನಮ್ಮಂತೆಯೇ ನೀನು, ನೀವು ಎಂಬ ಭೇದವುಂಟು. ಆಪ್ತರಿಗೆ 'ದು', ಪರಿಚಯ ಸಾಲದವರಿಗೆ 'ಝೀ'. ಅಂಗಡಿಯಲ್ಲಿ ಸಾಮಾನು ಕೊಡುವಾಕೆಗೂ 'ಝೀ' ಎನ್ನುವ ಆ ಮರ್ಯಾದೆ ನನಗೆ ಮೆಚ್ಚುಗೆ.

ಆದರೆ ಅದೇ ಭಾಷೆ ಮದುವೆಯಾಗದವಳನ್ನು, ವಯಸ್ಸು ಅರವತ್ತು ದಾಟಿದರೂ, ಸಾಮಾನ್ಯವಾಗಿ 'ಫ್ರಾಯ್ಲೈನ್' ಎಂದೇ ಕರೆಯುತ್ತಿತ್ತು. ಹಾಗೆಂದರೆ ಪುಟ್ಟ ಹೆಂಗಸು. ವ್ಯಾಕರಣದಲ್ಲಂತೂ ಅದು ನಪುಂಸಕಲಿಂಗ! ಗಂಡಸು ಮಾತ್ರ ಮದುವೆಯಾಗಲಿ, ಬಿಡಲಿ, 'ಹೆರ್' ಆಗಿಯೇ ಇರುತ್ತಿದ್ದ.

ಹೆಂಗಸರು ಆಕ್ಷೇಪಿಸುತ್ತಲೇ ಬಂದರು. ಕೊನೆಗೆ 1972ರಲ್ಲಿ ಪಶ್ಚಿಮ ಜರ್ಮನಿಯ ಗೃಹ ಸಚಿವಾಲಯ, ಸರ್ಕಾರಿ ಕಚೇರಿಗಳಲ್ಲಿ ವಯಸ್ಕ ಹೆಂಗಸರನ್ನೆಲ್ಲ 'ಫ್ರೌ' ಎಂದೇ ಕರೆಯಬೇಕೆಂದಿತು. ಆದರೂ ಮದುವೆಯಾದವಳು ಹೊರಗೆ ದುಡಿಯುವುದು ಸಂಸಾರದ ಕರ್ತವ್ಯಕ್ಕೆ ಅಡ್ಡಿಯಾಗಕೂಡದೆಂಬ ಕಾನೂನು ಅಲ್ಲಿ 1977ರವರೆಗೂ ಉಳಿದಿತ್ತು.

ಅರ್ಜಿಯಲ್ಲಿ 'ಕುಮಾರಿ/ಶ್ರೀಮತಿ' ಎಂಬಲ್ಲಿ ಒಂದನ್ನು ಹೊಡೆದುಹಾಕುವಾಗಲೆಲ್ಲ ನನಗೆ ಆ ಹೆಂಗಸರ ನೆನಪಾಗುತ್ತದೆ.