ಹಬೇರೆ

‘ಹಿಡಿದಿರು’, ‘ಹೊಂದಿರು’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ. ಫ್ರೆಂಚಿನ ಅವ್ವಾರ್, ಇಟಾಲಿಯನ್ನಿನ ಅವೇರೆ, ಸ್ಪ್ಯಾನಿಷಿನ ಅಬೆರ್, ಪೋರ್ಚುಗೀಸಿನ ಅವೆರ್, ರೊಮೇನಿಯನ್ನಿನ ಅವ್ಯಾ ಇದರಿಂದ ಹುಟ್ಟಿದವು. ಇಂಗ್ಲಿಷಿನ ‘ಹ್ಯಾವ್’ ನೋಡಲು ಹತ್ತಿರದ್ದೆನಿಸಿದರೂ ಅದರ ಮೂಲ ಬೇರೆ. ಲ್ಯಾಟಿನ್ನಿನಲ್ಲಿ ಅದರ ನಿಜವಾದ ದಾಯಾದಿ ‘ಕಾಪೆರೆ’ (ಹಿಡಿ).

ಪ್ರಾಚೀನ ಲ್ಯಾಟಿನ್ನಿನಲ್ಲಿ ಒಡೆತನ ಹೇಳಲು ನಮ್ಮ ‘ನನಗೆ ಇದೆ’ಯಂಥ ಚತುರ್ಥಿ ವಿಭಕ್ತಿಯ ರಚನೆಯೂ ಇತ್ತು. ಕ್ರಮೇಣ ಹಬೇರೆ ಅದನ್ನು ಹಿಂದಕ್ಕೆ ತಳ್ಳಿತು. ಮೊದಲಕ್ಷರದ ಹಕಾರ ಆಡುಮಾತಿನಲ್ಲಿ ಬಲು ಬೇಗ ಬಿದ್ದುಹೋಯಿತು. ಸ್ಪ್ಯಾನಿಷಿನವರು ಅದನ್ನು ಇಂದಿಗೂ ಬರೆಯುತ್ತಾರೆ, ಉಚ್ಚರಿಸುವುದಿಲ್ಲ.

ಈ ಪದದ ಚರಿತ್ರೆಯಲ್ಲಿ ಅತ್ಯಂತ ಸೋಜಿಗದ ಅಧ್ಯಾಯ ಭವಿಷ್ಯತ್ಕಾಲದ್ದು. ಸ್ವರಗಳ ನಡುವಿನ ಬಕಾರ ವಕಾರದ ಕಡೆ ವಾಲಿದಾಗ ‘ಕಂತಾಬಿತ್’ (ಹಾಡುವನು) ಮತ್ತು ‘ಕಂತಾವಿತ್’ (ಹಾಡಿದನು) ಕಿವಿಗೆ ಒಂದೇ ಆದವು. ಜನ ‘ಕಂತಾರೆ ಹಬೆಯೊ’, ಅಂದರೆ ‘ಹಾಡುವುದಿದೆ ನನಗೆ’ ಎಂಬ ಬಳಸುಮಾತನ್ನು ಹಿಡಿದರು. ಎರಡು ಪದಗಳು ಬೆಸೆದು ಸ್ಪ್ಯಾನಿಷಿನ ‘ಕಾಂತಾರೆ’, ಇಟಾಲಿಯನ್ನಿನ ‘ಕಾಂತೆರೊ’ ಆದವು. 7ನೆಯ ಶತಮಾನದ ಫ್ರೆಡೆಗಾರನ ವೃತ್ತಾಂತದಲ್ಲಿ ಈ ಬೆಸುಗೆಯ ಮೊದಲ ಕುರುಹು ಸಿಗುತ್ತದೆ. ಸೆರೆಸಿಕ್ಕ ಪರ್ಷಿಯದ ದೊರೆ ನಾಡು ಬಿಟ್ಟುಕೊಡೆನೆಂದಾಗ ಸಾಮ್ರಾಟ ಜಸ್ಟಿನಿಯನ್ ‘ದಾರಾಸ್’ (ಕೊಡುವೆ ನೀನು) ಎಂದನಂತೆ. ದಾರಾ ನಗರಕ್ಕೆ ಹೆಸರು ಬಂದದ್ದು ಹಾಗೆ ಎಂದು ಅಲ್ಲಿನ ಕಥೆ. ಕಥೆ ಕಟ್ಟಿದ್ದೇ ಇರಬೇಕು, ಆದರೆ ಆ ಒಂದು ಪದ ಭಾಷಾಚರಿತ್ರೆಗೆ ಅಮೂಲ್ಯ. 842ರ ಸ್ಟ್ರಾಸ್‌ಬರ್ಗ್ ಪ್ರಮಾಣವಚನದಲ್ಲಿ ‘ಸಲ್ವಾರಾಯ್’ (ಕಾಪಾಡುವೆನು) ಎಂಬ ರೂಪವಿದೆ. ಭವಿಷ್ಯದ್ರೂಪದೊಳಗೆ ಈ ಕ್ರಿಯಾಪದ ಅಡಗಿರುವುದನ್ನು ನೆಬ್ರಿಹಾ 1492ರ ತನ್ನ ಕಸ್ಟೀಲಿಯನ್ ವ್ಯಾಕರಣದಲ್ಲೇ ಗುರುತಿಸಿದ್ದ. ಪೋರ್ಚುಗೀಸ್ ಬರಹದಲ್ಲಂತೂ ಬೆಸುಗೆ ಈಗಲೂ ಬಿಚ್ಚಿಕೊಳ್ಳುತ್ತದೆ: ‘ದಾರ್-ತೆ-ಐ’ (ನಿನಗೆ ಕೊಡುವೆನು) ಎಂಬಲ್ಲಿ ‘ನಿನಗೆ’ ಎಂಬ ಸರ್ವನಾಮ ನಡುವೆ ನುಸುಳಿ ಕೂರುತ್ತದೆ.

ಭೂತಕಾಲಕ್ಕೂ ಹಬೇರೆ ನೆರವಾಯಿತು. ‘ಬರೆದ ಪತ್ರ ನನ್ನಲ್ಲಿದೆ’ ಎನ್ನುವ ಮಾತೇ ‘ಪತ್ರ ಬರೆದಿದ್ದೇನೆ’ ಎಂದಾಯಿತು. ಕರ್ಮಪದ ಕ್ರಿಯಾಪದಕ್ಕಿಂತ ಮೊದಲು ಬಂದಾಗ ಫ್ರೆಂಚಿನ ಕೃದಂತ ಅದರ ಲಿಂಗ, ವಚನಗಳನ್ನು ಅನುಸರಿಸುವ ನಿಯಮ ಆ ಹಳೆಯ ಅರ್ಥದ ಉಳಿಕೆ.

ಹೀಗೆ ವ್ಯಾಕರಣದ ಹೊರೆ ಹೊತ್ತ ಪದ ಸ್ಪ್ಯಾನಿಷಿನಲ್ಲಿ ಮೂಲಾರ್ಥವನ್ನೇ ಕಳೆದುಕೊಂಡಿತು. ಅಲ್ಲಿ ಒಡೆತನವೆಲ್ಲ ಈಗ ‘ತೆನೆರ್’ ಎಂಬುದರ ಪಾಲು. ಪೋರ್ಚುಗೀಸಿನಲ್ಲಿ ಅದರ ಸೋದರ ರೂಪ ‘ತೆರ್’ ಸಹಾಯಕ ಕ್ರಿಯಾಪದದ ಸ್ಥಾನವನ್ನೂ ಬಹುಮಟ್ಟಿಗೆ ಕಸಿದುಕೊಂಡಿದೆ.